ಮಿಶಿಗನ್ ಸರೋವರ: ಚಳಿಗಾಲದ ಕೊನೆಗೆ ದಡಕ್ಕೆ ಬರುವ ಸಾಲ್ಮನ್, ಟ್ರೌಟ್

ಅಮೆರಿಕದ ಮಿಶಿಗನ್ ಸರೋವರದ ವಿಸ್ತೀರ್ಣ ಸುಮಾರು 58,000 ಚದರ ಕಿ.ಮೀ. ಅಂದರೆ ಕರ್ನಾಟಕದ ವಿಸ್ತೀರ್ಣದ ಶೇ 30ರಷ್ಟು. ಇಷ್ಟು ದೊಡ್ಡ ನೀರಿನಲ್ಲಿ ಸಾಲ್ಮನ್ ಮತ್ತು ಟ್ರೌಟ್ ಹಿಡಿಯಲು ಸಾಮಾನ್ಯವಾಗಿ ದೋಣಿ ಬೇಕು. ಆದರೆ ಚಳಿಗಾಲ ಮುಗಿಯುವ ಹೊತ್ತಿಗೆ, ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ, ದಕ್ಷಿಣದ ಶಿಕಾಗೊ ಮತ್ತು ಇಂಡಿಯಾನಾ ತೀರಗಳಲ್ಲಿ ಮೀನುಗಳೇ ದಡದ ಹತ್ತಿರ ಬರುತ್ತವೆ. ದೋಣಿ ಇಲ್ಲದವರಿಗೆ ಇದೇ ಸುಗ್ಗಿ. ಇಂಥ ಇನ್ನೊಂದು ಅವಕಾಶ ಸಿಗುವುದು ಮೊಟ್ಟೆಯಿಡಲು ಮೀನುಗಳು ನದಿಗಳತ್ತ ಹೊರಡುವ ಶರತ್ಕಾಲದಲ್ಲಿ.

ದಡಕ್ಕೇಕೆ ಬರುತ್ತವೆ?

ಕಾರಣ ನೀರಿನ ಉಷ್ಣಾಂಶ. ಚಳಿಗಾಲದಲ್ಲಿ ಸರೋವರವಿಡೀ ಕೊರೆಯುತ್ತಿರುತ್ತದೆ. ಬಿಸಿಲು ಏರಿದಂತೆ ಮೊದಲು ಬೆಚ್ಚಗಾಗುವುದು ದಡದ ಆಳವಿಲ್ಲದ ನೀರು, ಅದರಲ್ಲೂ ದಕ್ಷಿಣ ತುದಿಯದು. ಬಂದರುಗಳ ಒಳಭಾಗ, ನದಿಗಳು ಸರೋವರ ಸೇರುವ ಜಾಗ, ಕಾರ್ಖಾನೆ ಮತ್ತು ವಿದ್ಯುತ್ ಸ್ಥಾವರಗಳ ಬಿಸಿನೀರು ಹೊರಬೀಳುವ ಕಡೆ ಒಂದೆರಡು ಡಿಗ್ರಿ ಹೆಚ್ಚಿದ್ದರೂ ಸಾಕು, ಸಣ್ಣ ಮೀನುಗಳು ಅಲ್ಲಿ ಸೇರುತ್ತವೆ. ಅವುಗಳ ಬೆನ್ನಿಗೆ ದೊಡ್ಡವು ಬರುತ್ತವೆ. ಬೇಸಿಗೆಯಲ್ಲಿ ಇದೇ ದಡ ಅತಿಯಾಗಿ ಬಿಸಿಯಾಗುವುದರಿಂದ ಅವು ಆಳಕ್ಕೂ ಉತ್ತರಕ್ಕೂ ಸರಿದುಹೋಗುತ್ತವೆ.

ಯಾವ ಮೀನು, ಯಾವ ಗಾಳ?

ಈ ಕಾಲದಲ್ಲಿ ಹೆಚ್ಚಾಗಿ ಸಿಗುವುದು ಕೋಹೊ ಸಾಲ್ಮನ್ ಮತ್ತು ಬ್ರೌನ್ ಟ್ರೌಟ್. ಸ್ಟೀಲ್‌ಹೆಡ್ ಕೂಡ ಸಿಗುತ್ತದೆ. ಇದು ಸರೋವರದಲ್ಲಿ ಬೆಳೆದು ನದಿಗೆ ಮರಳುವ ರೇನ್‌ಬೋ ಟ್ರೌಟ್. ವಸಂತದ ಕೋಹೊ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಕೆ.ಜಿ. ತೂಗುತ್ತದೆ. ಸುಮಾರು ಮೂರು ವರ್ಷ ಬದುಕುವ ಈ ಮೀನು ಶರತ್ಕಾಲದಲ್ಲಿ ಮೊಟ್ಟೆಯಿಟ್ಟು ಸಾಯುತ್ತದೆ.

ತಣ್ಣನೆಯ ನೀರಿನಲ್ಲಿ ಮೀನು ಚುರುಕಾಗಿರುವುದಿಲ್ಲ, ಎರೆಯನ್ನು ಅಟ್ಟಿಸಿಕೊಂಡು ಬಹುದೂರ ಹೋಗುವುದಿಲ್ಲ. ಆದ್ದರಿಂದ ಎರೆಯನ್ನು ಒಂದೇ ಕಡೆ ನಿಲ್ಲಿಸಿ ಕಾಯುವುದು ರೂಢಿ. ಬಲೆಬಟ್ಟೆಯಲ್ಲಿ ಪುಟ್ಟ ಗಂಟಾಗಿ ಕಟ್ಟಿದ ಮೀನಿನ ಮೊಟ್ಟೆ, ಎರೆಹುಳು, ಸಣ್ಣ ಮೀನು ಇವೇ ಮುಖ್ಯ ಎರೆಗಳು. ದಾರಕ್ಕೆ ಸೀಸದ ಗುಂಡು ಕಟ್ಟಿ ತಳಕ್ಕೆ ಬಿಡುತ್ತಾರೆ. ಎರೆ ಮಾತ್ರ ತಳದಿಂದ ತುಸು ಮೇಲೆ ತೇಲಲೆಂದು ಚಿಕ್ಕ ಬೆಂಡು ಸೇರಿಸುತ್ತಾರೆ. ಹೊಳೆಯುವ ಲೋಹದ ಕೃತಕ ಎರೆ ಬಳಸುವವರು ದಾರವನ್ನು ನಿಧಾನವಾಗಿ ಎಳೆಯಬೇಕು. ಬೆಳಗಿನ ಜಾವ ಮತ್ತು ಸಂಜೆ ಒಳ್ಳೆಯ ಹೊತ್ತು.

ಮಂಜುಗಡ್ಡೆಯ ಮೋಸ

ಅಲೆಗಳು ಎರಚಿದ ನೀರು ಮತ್ತು ತೇಲಿಬಂದ ಹಿಮದ ತುಂಡುಗಳು ಗಡ್ಡೆಕಟ್ಟಿ ದಡದಂಚಿನಲ್ಲಿ ದಿಬ್ಬಗಳಾಗುತ್ತವೆ. ನೋಡಲು ಗಟ್ಟಿನೆಲದಂತೆ ಕಂಡರೂ ಒಳಗೆ ಪೊಳ್ಳು. ಕಾಲು ಕುಸಿದರೆ ಕೆಳಗೆ ಕೊರೆಯುವ ನೀರು. ಮೇಲೆ ಹತ್ತಲು ಹಿಡಿತ ಸಿಗುವುದಿಲ್ಲ. ಈ ದಿಬ್ಬಗಳ ಮೇಲೆ ಹೋಗಬೇಡಿ ಎಂದು ಇಂಡಿಯಾನಾ ಡ್ಯೂನ್ಸ್ ರಾಷ್ಟ್ರೀಯ ಉದ್ಯಾನ ಎಚ್ಚರಿಸುತ್ತದೆ. ಅಲೆತಡೆ ಗೋಡೆಗಳ ಮೇಲೂ ಹಿಮ ಜಾರುತ್ತದೆ. ಹಾಗಾಗಿ ಒಬ್ಬರೇ ಹೋಗದಿರುವುದು, ಜೀವರಕ್ಷಕ ಜಾಕೆಟ್ ಧರಿಸುವುದು ಒಳ್ಳೆಯದು.

ಹೊರಗಿನಿಂದ ಬಂದ ಮೀನುಗಳು

ಈ ಸರೋವರದ ಸ್ವಂತ ಮೀನು ಲೇಕ್ ಟ್ರೌಟ್. ರಕ್ತ ಹೀರುವ ಸೀ ಲ್ಯಾಂಪ್ರೇ ಹಾವಳಿ ಮತ್ತು ಮಿತಿಮೀರಿದ ಮೀನುಗಾರಿಕೆಯಿಂದ ಅದು 1950ರ ದಶಕದ ವೇಳೆಗೆ ಬಹುತೇಕ ನಾಶವಾಯಿತು. ತಿನ್ನುವ ದೊಡ್ಡ ಮೀನು ಇಲ್ಲದೆ, ಅಟ್ಲಾಂಟಿಕ್ ಮೂಲದ ಏಲ್‌ವೈಫ್ ಎಂಬ ಸಣ್ಣ ಮೀನು ಮಿತಿಯಿಲ್ಲದೆ ಹೆಚ್ಚಿತು. 1967ರಲ್ಲಿ ಸತ್ತ ಏಲ್‌ವೈಫ್‌ಗಳು ರಾಶಿರಾಶಿಯಾಗಿ ದಡಕ್ಕೆ ಬಿದ್ದು ನಾರಿದವು.

ಅದಕ್ಕೂ ಮೊದಲೇ, 1966ರಲ್ಲಿ, ಹೊವರ್ಡ್ ಟ್ಯಾನರ್ ನೇತೃತ್ವದಲ್ಲಿ ಮಿಶಿಗನ್ ರಾಜ್ಯ ಪೆಸಿಫಿಕ್ ತೀರದ ಕೋಹೊ ಮರಿಗಳನ್ನು ಇಲ್ಲಿನ ನದಿಗಳಿಗೆ ಬಿಟ್ಟಿತ್ತು. ಮರುವರ್ಷ ಚಿನೂಕ್ ಸಾಲ್ಮನ್ ಬಂತು. ಬ್ರೌನ್ ಟ್ರೌಟ್ ಯುರೋಪಿನಿಂದ, ರೇನ್‌ಬೋ ಟ್ರೌಟ್ ಅಮೆರಿಕದ ಪಶ್ಚಿಮ ತೀರದಿಂದ 19ನೇ ಶತಮಾನದಲ್ಲೇ ಬಂದಿದ್ದವು. ನಮ್ಮ ನೀಲಗಿರಿ, ಕಾಶ್ಮೀರದ ಹೊಳೆಗಳಿಗೆ ಬ್ರಿಟಿಷರ ಕಾಲದಲ್ಲಿ ಟ್ರೌಟ್ ಬಂದ ಹಾಗೆ.

ಈಗ ಚಿಂತೆ ತಿರುಗುಮುರುಗಾಗಿದೆ. ಅಂದು ಕಾಟವಾಗಿದ್ದ ಏಲ್‌ವೈಫ್ ಇಂದು ಸಾಲ್ಮನ್‌ಗಳ ಮುಖ್ಯ ಆಹಾರ. ಕ್ವಾಗಾ ಎಂಬ ಹೊರಗಿನ ಚಿಪ್ಪುಜೀವಿ ನೀರನ್ನು ಸೋಸಿ ಸೂಕ್ಷ್ಮ ಸಸ್ಯಗಳನ್ನು ತಿಂದುಹಾಕುತ್ತಿದೆ. ಅದರಿಂದ ಏಲ್‌ವೈಫ್‌ಗೂ ಹೊಟ್ಟೆಗಿಲ್ಲ. ಪಕ್ಕದ ಹ್ಯೂರನ್ ಸರೋವರದಲ್ಲಿ 2003-04ರ ಸುಮಾರಿಗೆ ಏಲ್‌ವೈಫ್ ಕುಸಿದಾಗ ಚಿನೂಕ್ ಕೂಡ ಕುಸಿಯಿತು. ಅದೇ ಗತಿ ಇಲ್ಲಿಗೂ ಬಾರದಿರಲೆಂದು ಮಿಶಿಗನ್ ಸರೋವರಕ್ಕೆ ಬಿಡುವ ಚಿನೂಕ್ ಮರಿಗಳ ಸಂಖ್ಯೆಯನ್ನು 2013ರಲ್ಲಿ ಸುಮಾರು ಅರ್ಧಕ್ಕಿಳಿಸಲಾಯಿತು.

ಗಾಳ ಹಾಕುವ ಮುನ್ನ

ಇಲಿನಾಯ್, ಇಂಡಿಯಾನಾಗಳಲ್ಲಿ ಮೀನು ಹಿಡಿಯುವ ಪರವಾನಗಿಯ ಜೊತೆಗೆ ಸಾಲ್ಮನ್-ಟ್ರೌಟ್‌ಗಾಗಿ ಪ್ರತ್ಯೇಕ ಸ್ಟ್ಯಾಂಪ್ ಪಡೆಯಬೇಕು. ದಿನಕ್ಕೆ ಎಷ್ಟು ಮೀನು ಎಂಬುದಕ್ಕೂ ಮಿತಿಯಿದೆ. ಪಿಸಿಬಿ ರಾಸಾಯನಿಕ ದೊಡ್ಡ, ಕೊಬ್ಬಿನ ಮೀನುಗಳಲ್ಲಿ ಶೇಖರವಾಗುವುದರಿಂದ, ಯಾವ ಮೀನನ್ನು ಎಷ್ಟು ತಿನ್ನಬಹುದೆಂದು ರಾಜ್ಯಗಳು ಸಲಹೆ ಪ್ರಕಟಿಸುತ್ತವೆ. ಗರ್ಭಿಣಿಯರು ಮತ್ತು ಮಕ್ಕಳಿರುವ ಮನೆಯವರು ಅದನ್ನು ಓದಿಯೇ ಮೀನನ್ನು ಅಡುಗೆಮನೆಗೆ ಒಯ್ಯುವುದು ಲೇಸು.