ಹಿರಿಯರ ಗುಂಪು ಪ್ರವಾಸ: ತಂಗುವ ಕೋಣೆಯ ಲೆಕ್ಕ

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಿಂದ ಕಾಶಿ, ತಿರುಪತಿ, ಶ್ರೀಶೈಲ, ರಾಮೇಶ್ವರಕ್ಕೆ ಗುಂಪಾಗಿ ಹೊರಡುವವರಲ್ಲಿ ಅರವತ್ತು ದಾಟಿದವರೂ ಇರುತ್ತಾರೆ. ಹಣ ಕಟ್ಟುವ ಮುಂಚೆ ಕ್ಷೇತ್ರಗಳ ಪಟ್ಟಿಯನ್ನು ಎಲ್ಲರೂ ಓದುತ್ತಾರೆ. ತಂಗುವ ಜಾಗದ ಬಗ್ಗೆ ಕೆಳಗೆ ಸಣ್ಣ ಅಕ್ಷರದಲ್ಲಿರುವ ಒಂದೆರಡು ಸಾಲನ್ನು ಓದುವವರು ಕಡಿಮೆ.

ಹೊರಡುವ ಮೊದಲೇ ದಣಿವು

ಈ ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ರೈಲು ನಿಲ್ದಾಣವಿಲ್ಲ. ಜಗಳೂರಿನವರು ದಾವಣಗೆರೆಗೋ ಚಿತ್ರದುರ್ಗಕ್ಕೋ ಬರಬೇಕು. ಹೊನ್ನಾಳಿ, ನ್ಯಾಮತಿಯವರಿಗೆ ಶಿವಮೊಗ್ಗ ಹತ್ತಿರ. ಹೊನ್ನಾಳಿಯಿಂದ ಅದೂ ಸುಮಾರು 40 ಕಿ.ಮೀ. ಹೀಗೆ ಬಸ್ಸು, ಕಾಯುವಿಕೆ, ರೈಲು ಎಲ್ಲ ಮುಗಿಸಿ ಬೆಳಿಗ್ಗೆ ಆರಕ್ಕೆ ಊರು ತಲುಪಿದರೆ, ಹೋಟೆಲಿನ ಕೋಣೆ ಕೈಗೆ ಸಿಗುವುದು ಸಾಮಾನ್ಯವಾಗಿ ಮಧ್ಯಾಹ್ನ ಹನ್ನೆರಡಕ್ಕೆ. ನಡುವಿನ ಆರು ಗಂಟೆ ಹಿರಿಯರು ಲಾಬಿಯ ಸೋಫಾದಲ್ಲಿ ಕೂರಬೇಕೇ, ನೇರ ದರ್ಶನದ ಸಾಲಿಗೆ ಹೋಗಬೇಕೇ? ಇದನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಟಿಕೆಟ್ಟಿನೊಳಗೆ ಏನಿದೆ

2022ರ ನವೆಂಬರ್ 11ರಂದು ಬೆಂಗಳೂರಿನಲ್ಲಿ ಪ್ರಧಾನಿ ನರೇಂದ್ರ ಮೋದಿ ಚಾಲನೆ ನೀಡಿದ ಭಾರತ್ ಗೌರವ್ ಕಾಶಿ ದರ್ಶನ ರೈಲು ಇಂಥ ಯಾತ್ರೆಗೆ ಒಂದು ಮಾದರಿ. ಕಾಶಿ, ಅಯೋಧ್ಯೆ, ಪ್ರಯಾಗರಾಜ್ ಸೇರಿದ ಎಂಟು ದಿನಗಳ ಯಾತ್ರೆಗೆ ಆಗ 20,000 ರೂಪಾಯಿ ದರವಿತ್ತು. ಅದರಲ್ಲಿ 5,000 ರೂಪಾಯಿಯನ್ನು ರಾಜ್ಯ ಸರ್ಕಾರ ಭರಿಸುತ್ತಿತ್ತು.

ಇಂಥ ರೈಲು ಯಾತ್ರೆಗಳಲ್ಲಿ ಹಲವು ರಾತ್ರಿಗಳು ಬೋಗಿಯಲ್ಲೇ ಕಳೆಯುತ್ತವೆ. ಐಆರ್‌ಸಿಟಿಸಿಯ ಅಗ್ಗದ ದರ್ಜೆಯ ಪ್ಯಾಕೇಜುಗಳಲ್ಲಿ ‘ವಾಷ್ ಅಂಡ್ ಚೇಂಜ್’, ‘ಮಲ್ಟಿ ಶೇರಿಂಗ್’ ಎಂದು ಬರೆದಿರುತ್ತದೆ. ಅಂದರೆ ಮಲಗಲು ಕೋಣೆಯಿಲ್ಲ. ಹಲವರು ಸೇರಿ ಒಂದೇ ಕೋಣೆಯಲ್ಲಿ ಸರದಿಯ ಮೇಲೆ ಸ್ನಾನ ಮಾಡಿ ಬಟ್ಟೆ ಬದಲಿಸಬೇಕು. ಕರ್ನಾಟಕ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ತಿರುಪತಿ ಪ್ರವಾಸದಲ್ಲೂ ರಾತ್ರಿ ಬಸ್ಸಿನಲ್ಲೇ ಕಳೆಯುತ್ತದೆ, ಹೋಟೆಲು ಸ್ನಾನಕ್ಕಷ್ಟೇ. ಇದರಲ್ಲಿ ಮೋಸವೇನೂ ಇಲ್ಲ, ದರ ಇಳಿಯುವುದೇ ಹಾಗೆ. ಆದರೆ ಎಪ್ಪತ್ತೈದರ ಅಜ್ಜಿಗೆ ಸರದಿಯ ಸ್ನಾನ ಆಗಿಬರುತ್ತದೆಯೇ ಎಂಬುದನ್ನು ಮನೆಯವರು ಯೋಚಿಸಬೇಕು.

ಬಚ್ಚಲೇ ಮುಖ್ಯ

ಎಸಿ, ಟಿವಿ, ಮೆತ್ತನೆ ಹಾಸಿಗೆ ಎಲ್ಲ ಆಮೇಲಿನ ಮಾತು. ಹಿರಿಯರ ಸುಖ ನಿರ್ಧಾರವಾಗುವುದು ಬಚ್ಚಲಿನಲ್ಲಿ. ಮಂಡಿ ಮಡಚಲಾಗದವರಿಗೆ ಕಮೋಡ್ ಬೇಕೇ ಬೇಕು. ಸೀಟು ನೆಲದಿಂದ ಸುಮಾರು 45–48 ಸೆಂ.ಮೀ. ಎತ್ತರವಿದ್ದರೆ ಏಳುವುದು ಸುಲಭ. ಪಕ್ಕದ ಗೋಡೆಗೆ ಭದ್ರವಾದ ಹಿಡಿಕಂಬಿ ಇರಬೇಕು. ಟವೆಲ್ ಹಾಕುವ ಸರಳನ್ನು ಹಿಡಿದು ಎದ್ದರೆ ಅದು ಕಿತ್ತು ಬರಬಹುದು.

ಹೊಸ ಹೋಟೆಲುಗಳ ಮಿರುಗುವ ಟೈಲ್ಸು ಒದ್ದೆಯಾದರೆ ಜಾರುತ್ತದೆ. ಶವರಿನ ಕೆಳಗೆ ನಿಂತು ಮೀಯುವ ಅಭ್ಯಾಸ ನಮ್ಮ ಹಳ್ಳಿಯ ಹಿರಿಯರಲ್ಲಿ ಹೆಚ್ಚಿನವರಿಗಿಲ್ಲ. ಬಕೆಟ್ಟು, ಚೊಂಬು, ಕೂರಲು ಒಂದು ಪ್ಲಾಸ್ಟಿಕ್ ಸ್ಟೂಲು ಸಿಕ್ಕರೆ ಅವರಿಗೆ ಅದೇ ಸಾಕು. ರಾತ್ರಿಯ ಸಂಗತಿ ಇನ್ನೂ ಸೂಕ್ಷ್ಮ. ಬಿಪಿಗೆಂದು ಕೊಡುವ ಕೆಲವು ಮಾತ್ರೆಗಳು ಮೂತ್ರ ಹೆಚ್ಚಿಸುತ್ತವೆ. ಎರಡು ಮೂರು ಸಲ ಏಳಬೇಕಾಗುತ್ತದೆ. ಹೊಸ ಕೋಣೆ, ಗೊತ್ತಿಲ್ಲದ ಸ್ವಿಚ್ಚು, ಬಚ್ಚಲ ಬಾಗಿಲಲ್ಲಿ ಒಂದು ಎಡವು ಮೆಟ್ಟಿಲು. ಬೀಳುವುದಕ್ಕೆ ಇಷ್ಟೇ ಸಾಕು. ಬಚ್ಚಲ ದೀಪ ಹಚ್ಚಿ ಬಾಗಿಲನ್ನು ಸ್ವಲ್ಪ ತೆರೆದಿಡುವುದು ಖರ್ಚಿಲ್ಲದ ಉಪಾಯ.

ಮಹಡಿ ಮತ್ತು ಜೊತೆಗಾರರು

ಕೋಣೆ ಹಂಚುವ ಪಟ್ಟಿ ಟೂರ್ ಮ್ಯಾನೇಜರ್ ಕೈಯಲ್ಲಿರುತ್ತದೆ. ಹಣ ಕಟ್ಟುವಾಗಲೇ ನೆಲಮಹಡಿ ಎಂದು ಬರೆಸಬೇಕು. ಲಿಫ್ಟ್ ಇದೆ ಎಂಬ ಮಾತು ಸಾಲದು: ರಸ್ತೆಯಿಂದ ಲಿಫ್ಟಿನವರೆಗೆ ಎಷ್ಟು ಮೆಟ್ಟಿಲು, ಕರೆಂಟು ಹೋದರೆ ಜನರೇಟರಿನಲ್ಲಿ ಅದು ನಡೆಯುತ್ತದೆಯೇ ಎಂದೂ ವಿಚಾರಿಸಬೇಕು. ಒಬ್ಬರೇ ಹೊರಟವರನ್ನು ಮೂವರ ಕೋಣೆಗೆ ಸೇರಿಸುವುದು ರೂಢಿ, ಮೂರನೆಯವರ ಪಾಲಿಗೆ ಬರುವುದು ನೆಲದ ಹಾಸಿಗೆ. ನಮ್ಮ ಹಿರಿಯರೋ “ಇರಲಿ ಬಿಡಪ್ಪ, ಎರಡು ದಿನ ತಾನೇ” ಅನ್ನುತ್ತಾರೆ. ಆ ಮಾತನ್ನು ಒಪ್ಪಿಗೆಯೆಂದು ತಿಳಿಯುವುದು ವ್ಯವಸ್ಥಾಪಕರಿಗೆ ಅನುಕೂಲ, ಅಷ್ಟೆ.

ಛತ್ರ, ಮಠ

ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನಲ್ಲಿ ಪುಷ್ಕರಣಿಯ ಪಕ್ಕದಲ್ಲೇ ಮುಸಾಫಿರ್‌ಖಾನೆ ಇದೆ. ದಾರಿಹೋಕರಿಗೆ ತಂಗಲು ಜಾಗ ಮಾಡಿಕೊಡುವುದು ಈ ಸೀಮೆಗೆ ಹೊಸದಲ್ಲ. ಇಂದಿಗೂ ಕಾಶಿಗೆ ಹೋದ ಈ ಭಾಗದ ವೀರಶೈವ ಲಿಂಗಾಯತರಿಗೆ ಜಂಗಮವಾಡಿ ಮಠ ಪರಿಚಿತ ನೆಲೆ. ಕನ್ನಡ ಮಾತು, ಗುರುತಿನ ಊಟ, ಕಡಿಮೆ ಖರ್ಚು ಮಠ–ಛತ್ರಗಳ ಬಲ. ಆದರೆ ಹಳೆಯ ಕಟ್ಟಡಗಳಲ್ಲಿ ಕಡಿದಾದ ಮೆಟ್ಟಿಲು, ದೂರದ ಶೌಚಾಲಯ ಇರುವುದುಂಟು. ಗಟ್ಟಿಮುಟ್ಟಾದವರಿಗೆ ಛತ್ರವೇ ಲೇಸು. ಕೋಲು ಹಿಡಿದವರಿಗೆ ಲಿಫ್ಟ್ ಇರುವ ಸಾಧಾರಣ ಹೋಟೆಲು ವಾಸಿ.

ಬೆಟ್ಟದ ಯಾತ್ರೆ

ಕೇದಾರನಾಥ ಸಮುದ್ರಮಟ್ಟದಿಂದ 3,583 ಮೀಟರ್ ಎತ್ತರದಲ್ಲಿದೆ, ಬದರಿ ಸುಮಾರು 3,100 ಮೀಟರ್. ಅಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಕಡಿಮೆ, ನಿದ್ದೆಯೂ ಕೆಡುತ್ತದೆ. ಒಂದೇ ದಿನ ಬಯಲಿನಿಂದ ಮೇಲಕ್ಕೆ ಒಯ್ಯುವ ಪ್ಯಾಕೇಜಿಗಿಂತ, ನಡುವೆ ಒಂದೆರಡು ರಾತ್ರಿ ತಂಗಿಸಿ ದೇಹಕ್ಕೆ ಹೊಂದಿಕೊಳ್ಳಲು ಬಿಡುವ ಪ್ಯಾಕೇಜು ದುಬಾರಿಯಾದರೂ ಸರಿ. ಹೃದಯ ಅಥವಾ ಶ್ವಾಸದ ತೊಂದರೆ ಇರುವವರು ಮುಂಗಡ ಕಟ್ಟುವ ಮೊದಲೇ ವೈದ್ಯರಿಗೆ ತೋರಿಸಿಕೊಳ್ಳಬೇಕು. ಕಟ್ಟಿದ ಮೇಲೆ ರದ್ದು ಮಾಡಿದರೆ ಹಣ ಪೂರ್ತಿ ಮರಳುವುದು ಅಪರೂಪ.