ದೇಹಬಲದ ಆದರ್ಶವೂ ರೋಣ–ನರಗುಂದ ಸೀಮೆಯೂ

ವಿಕ್ಟೋರಿಯಾ ರಾಣಿಯ ಕಾಲದ ಆಂಗ್ಲ ಸಾಹಿತ್ಯದಲ್ಲಿ ದೇಹಾರೋಗ್ಯವು ವೈದ್ಯರಿಗೆ ಮಾತ್ರ ಸಂಬಂಧಿಸಿದ ವಿಷಯವಾಗಿರಲಿಲ್ಲ. ಅದು ಶೀಲದ ಕುರುಹೆಂದೂ ಆಳುವ ಯೋಗ್ಯತೆಯ ಪ್ರಮಾಣವೆಂದೂ ಎಣಿಸಲ್ಪಡುತ್ತಿದ್ದಿತು. ಚಾರ್ಲ್ಸ್ ಕಿಂಗ್ಸ್ಲಿಯ ಕಾದಂಬರಿಯೊಂದನ್ನು ವಿಮರ್ಶಿಸುತ್ತ ಲಂಡನ್ನಿನ ಪತ್ರಿಕೆಯೊಂದು 1857ರಲ್ಲಿ ಈ ಪಂಥವನ್ನು ‘ಮಸ್ಕ್ಯುಲರ್ ಕ್ರಿಶ್ಚಿಯಾನಿಟಿ’, ಎಂದರೆ ಕಸುವುಳ್ಳ ಕ್ರೈಸ್ತಧರ್ಮವೆಂದು ಕರೆಯಿತು. ಅದೇ ವರ್ಷ ಥಾಮಸ್ ಹ್ಯೂಸನ ‘ಟಾಮ್ ಬ್ರೌನ್ಸ್ ಸ್ಕೂಲ್ ಡೇಸ್’ ಪ್ರಕಟವಾಗಿ, ಆಟದ ಬಯಲೇ ಸದ್ಗುಣಗಳ ಪಾಠಶಾಲೆಯೆಂಬ ಭಾವನೆಯನ್ನು ಬಲಪಡಿಸಿತು.

ಅದೇ 1857ರಲ್ಲಿ ನಮ್ಮ ಸೀಮೆಯಲ್ಲಿ ನಡೆದುದಾದರೋ ಆಯುಧಗಳ ಅಪಹರಣ. ಅದನ್ನು ಪ್ರತಿಭಟಿಸಿ ಹಲಗಲಿಯ ಬೇಡರು ಆ ನವೆಂಬರಿನಲ್ಲಿ ಸಿಡಿದೆದ್ದರು. ಅವರ ಲಾವಣಿಯನ್ನು ಸಂಗ್ರಹಿಸಿ ಉಳಿಸಿದವನು ಶಾಸನತಜ್ಞ ಫ್ಲೀಟ್ ಎಂಬ ಆಂಗ್ಲ ಅಧಿಕಾರಿಯೇ ಎಂಬುದು ಚರಿತ್ರೆಯ ವಿನೋದಗಳಲ್ಲೊಂದು. ಮರುವರ್ಷ ಮೇ ತಿಂಗಳ ಕೊನೆಯಲ್ಲಿ, ದತ್ತಕದ ಹಕ್ಕನ್ನು ಕಳೆದುಕೊಂಡು ನೊಂದಿದ್ದ ನರಗುಂದದ ಬಾಬಾಸಾಹೇಬನ ಜನರು ಸುರೇಬಾನದಲ್ಲಿ ಪೊಲಿಟಿಕಲ್ ಏಜಂಟ್ ಮ್ಯಾನ್ಸನ್ನನನ್ನು ಕೊಂದರು. ಜೂನ್ ತಿಂಗಳಲ್ಲಿ ಕೋಟೆಯು ಬಿದ್ದಿತು. 12ನೆಯ ತಾರೀಖು ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಒಂದು ನಾಡಿನ ತರುಣನಲ್ಲಿ ಧೈರ್ಯವೆನಿಸಿದ ಗುಣವು ಇನ್ನೊಂದು ನಾಡಿನವನಲ್ಲಿ ದ್ರೋಹವೆನಿಸಿದ ಬಗೆಯನ್ನು ಆ ಸಾಹಿತ್ಯವನ್ನು ಬೋಧಿಸುವವರು ಗಮನಿಸಬೇಕು.

ದೇಹಸಾಧನೆಯ ಪಾಠವನ್ನು ಈ ನಾಡಿಗೆ ಆಂಗ್ಲರು ತಂದರೆಂಬ ಮಾತು ಒಪ್ಪತಕ್ಕದ್ದಲ್ಲ. ಗಜೇಂದ್ರಗಡದ ನೆರೆಯ ಸೂಡಿಯ ದೇವಾಲಯಗಳು ಕಲ್ಯಾಣದ ಚಾಲುಕ್ಯರ ಕಾಲದವು. ಆ ವಂಶದ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಮಲ್ಲವಿನೋದ ಪ್ರಕರಣದಲ್ಲಿ ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ವಿಂಗಡಿಸಿ, ಅವರ ಆಹಾರ, ಸಾಧನೆ, ಪಟ್ಟುಗಳನ್ನು ವಿವರಿಸಿದ್ದಾನೆ. ಕೆಮ್ಮಣ್ಣಿನ ಗರಡಿ, ಹನುಮಂತನ ಪೂಜೆ, ದಂಡ–ಬಸ್ಕಿ, ಸಂಗ್ರಾಣಿ ಕಲ್ಲು ಇವೆಲ್ಲ ಉತ್ತರ ಕರ್ನಾಟಕದ ಹಳ್ಳಿಗಳ ಬಾಳಿನೊಳಗೇ ಬೆಳೆದು ಬಂದವು. ಸಾಲವಾದರೂ ಆ ಕಡೆಯಿಂದಲೇ ಆಯಿತು. ಹಿಂದುಸ್ಥಾನದ ಗರಡಿಗಳಲ್ಲಿ ತಿರುಗಿಸುತ್ತಿದ್ದ ಮುದ್ಗರವನ್ನು ಕಂಪೆನಿಯ ಸೈನ್ಯಾಧಿಕಾರಿಗಳು ಕಂಡು ಕಲಿತರು. ಡೊನಾಲ್ಡ್ ವಾಕರನ 1834ರ ವ್ಯಾಯಾಮಗ್ರಂಥದಲ್ಲಿ ಅದು ‘ಇಂಡಿಯನ್ ಕ್ಲಬ್’ ಎಂಬ ಹೆಸರಿನಿಂದ ಸ್ಥಾನ ಪಡೆಯಿತು. ಮುಂದೆ ಅದು ಆಂಗ್ಲ ಮನೆಗಳ ಕೋಣೆಗಳನ್ನೂ ಸೇರಿತು, ತುಸು ತೂಕ ಇಳಿಸಿಕೊಂಡು!

ಈ ಆದರ್ಶವು ಇಲ್ಲಿಗೆ ಅಳತೆಗೋಲಾಗಿ ಬಂದಿತು. ಅಂದು ರೋಣ, ನರಗುಂದ, ಗಜೇಂದ್ರಗಡಗಳನ್ನು ಒಳಗೊಂಡಿದ್ದ ಧಾರವಾಡ ಜಿಲ್ಲೆಯ ಗ್ಯಾಸೆಟಿಯರು 1884ರಲ್ಲಿ ಹೊರಟಿತು. ಅದರಲ್ಲಿ ಜಾತಿಜಾತಿಯ ಜನರನ್ನು ಅವರ ಬಣ್ಣ, ಎತ್ತರ, ಮೈಕಟ್ಟುಗಳಿಂದ ವರ್ಣಿಸಿದೆ. ಇದನ್ನು ಓದುವಾಗ ಅದಕ್ಕೆ ಹಿಂದಿನ 1876–78ರ ಮಹಾಕ್ಷಾಮವನ್ನು ಮರೆಯಲಾಗದು. 1872 ಮತ್ತು 1881ರ ಜನಗಣತಿಗಳ ನಡುವೆ ಧಾರವಾಡ ಜಿಲ್ಲೆಯ ಜನಸಂಖ್ಯೆಯು ಸುಮಾರು ಒಂದು ಲಕ್ಷದಷ್ಟು ಕುಗ್ಗಿತು. ಪರಿಹಾರದ ಕೆಲಸಗಾರನಿಗೆ ದಿನಕ್ಕೆ ಒಂದು ಪೌಂಡು ಧಾನ್ಯವೂ ತುಸು ಕಾಸೂ ಸಾಕೆಂದು ಸರ್ ರಿಚರ್ಡ್ ಟೆಂಪಲನು 1877ರಲ್ಲಿ ವಿಧಿಸಿದನು. ಅಷ್ಟರಿಂದ ದುಡಿಯುವವನ ದೇಹವು ನಿಲ್ಲದೆಂದು ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಶನು ವಾದಿಸಿದನು. ಮೈಕಟ್ಟು ಜಾತಿಯ ಗುಣವೋ ಅನ್ನದ ಫಲವೋ ಎಂಬ ಪ್ರಶ್ನೆ ಆ ವಾದದೊಳಗೇ ಅಡಗಿದೆ. ನನ್ನ ಮಟ್ಟಿಗೆ ಕಾರ್ನಿಶನ ಪಕ್ಷವೇ ಸರಿ.

ಆಂಗ್ಲರಲ್ಲಿಯೂ ಸಂಶಯಪಟ್ಟವರಿದ್ದರು. ವಿಲ್ಕೀ ಕಾಲಿನ್ಸನು 1870ರ ‘ಮ್ಯಾನ್ ಅಂಡ್ ವೈಫ್’ ಕಾದಂಬರಿಯಲ್ಲಿ, ಜನರೆಲ್ಲ ಕೊಂಡಾಡುವ ಓಟಗಾರನೊಬ್ಬನನ್ನು ಚಿತ್ರಿಸಿ, ಅತಿಸಾಧನೆಯಿಂದ ಅವನ ದೇಹವೂ ನೀತಿಯೂ ಕೆಟ್ಟುದನ್ನು ತೋರಿಸಿದನು. ಕಡೆಗೆ ಬೋಯರ್ ಯುದ್ಧದಲ್ಲಿ ಸೈನ್ಯಕ್ಕೆ ಸೇರಬಂದ ಆಂಗ್ಲ ನಗರಗಳ ಬಡ ತರುಣರಲ್ಲಿ ಬಹುಮಂದಿ ದೇಹಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಕಾರಣವನ್ನು ಶೋಧಿಸಲು ನೇಮಿಸಿದ ಸಮಿತಿಯು 1904ರಲ್ಲಿ ವರದಿಯನ್ನೊಪ್ಪಿಸಿದಾಗ ಮುಂದಿಟ್ಟುದು ಕಿಕ್ಕಿರಿದ ವಸತಿ, ಕೆಟ್ಟ ಆಹಾರ ಮೊದಲಾದ ಕಾರಣಗಳನ್ನು. ಶಾಲೆಯ ಹಸಿದ ಮಕ್ಕಳಿಗೆ ಊಟದ ಏರ್ಪಾಡಾಗಬೇಕೆಂದೂ ಅದು ಸೂಚಿಸಿತು.