ಜಾಝ್ ಕಿಸ್ಸಾ

ಜಾಝ್ ಕಿಸ್ಸಾ ಎಂದರೆ ಧ್ವನಿಮುದ್ರಿಕೆಗಳನ್ನು ಗಮನವಿಟ್ಟು ಕೇಳುವುದಕ್ಕೆಂದೇ ಇರುವ ಜಪಾನಿನ ಕಾಫಿ ಅಂಗಡಿ. ‘ಕಿಸ್ಸಾತೆನ್’, ಅಂದರೆ ಚಹಾ ಕುಡಿಯುವ ಅಂಗಡಿ, ಎಂಬ ಪದದ ಮೊಟಕು ರೂಪವೇ ‘ಕಿಸ್ಸಾ’. ಇಂದು ಹೊರದೇಶಗಳಲ್ಲಿ ‘ಲಿಸನಿಂಗ್ ಬಾರ್’ ಎಂದು ಕರೆಸಿಕೊಳ್ಳುವ ಮದ್ಯದಂಗಡಿಗಳ ಮೂಲ ಇಲ್ಲಿದೆ.

ಟೋಕಿಯೊದ ಶಿಬುಯಾದಲ್ಲಿ 1926ರಲ್ಲಿ ತೆರೆದ ‘ಲಯನ್’ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಕ್ಕೆ ಮೀಸಲಾದದ್ದು. ಅಲ್ಲಿನ ಕುರ್ಚಿಗಳೆಲ್ಲ ಮರದ ದೊಡ್ಡ ಧ್ವನಿವರ್ಧಕಗಳ ಕಡೆಗೇ ಮುಖ ಮಾಡಿವೆ, ಮಾತಾಡುವಂತಿಲ್ಲ. ಜಾಝ್‌ಗೆ ಮೀಸಲಾದವುಗಳಲ್ಲಿ ಮೊದಲನೆಯದೆಂದು ಸಾಮಾನ್ಯವಾಗಿ ಹೆಸರಿಸುವುದು 1929ರಲ್ಲಿ ಟೋಕಿಯೊದ ಹೊಂಗೊದಲ್ಲಿ ಶುರುವಾದ ‘ಬ್ಲ್ಯಾಕ್‌ಬರ್ಡ್’ ಅನ್ನು.

ಈ ಅಂಗಡಿಗಳ ಕಥೆಯನ್ನು ಯೊಕೊಹಾಮಾದ ‘ಚಿಗುಸಾ’ದಷ್ಟು ಚೆನ್ನಾಗಿ ಬೇರೊಂದು ಹೇಳಲಾರದು. ಮಮೋರು ಯೊಶಿದಾ 1933ರಲ್ಲಿ ಅದನ್ನು ನೊಗೆ ಎಂಬ ಬಡಾವಣೆಯಲ್ಲಿ ತೆರೆದಾಗ ಅವರಿಗೆ ಇಪ್ಪತ್ತರ ಆಸುಪಾಸು. ಯುದ್ಧ ಬಂದಂತೆ ಜಾಝ್ ಶತ್ರುಗಳ ಸಂಗೀತವಾಯಿತು. 1940ರಲ್ಲಿ ನೃತ್ಯಶಾಲೆಗಳು ಮುಚ್ಚಿದವು. 1943ರಲ್ಲಿ ಸರ್ಕಾರ ಸುಮಾರು ಸಾವಿರ ಅಮೆರಿಕನ್, ಬ್ರಿಟಿಷ್ ಕೃತಿಗಳನ್ನು ನಿಷೇಧಿಸಿತು. 1945ರ ಮೇ 29ರ ವಿಮಾನದಾಳಿಯಲ್ಲಿ ಯೊಕೊಹಾಮಾ ಉರಿದಾಗ ಚಿಗುಸಾ ತನ್ನ ರೆಕಾರ್ಡುಗಳ ಸಮೇತ ಬೂದಿಯಾಯಿತು. ಯುದ್ಧದ ನಂತರ ಯೊಶಿದಾ ಮತ್ತೆ ಅಂಗಡಿ ಹೂಡಿದರು. ಹಳೆಯ ಗಿರಾಕಿಗಳು ತಮ್ಮಲ್ಲಿ ಉಳಿದಿದ್ದ ರೆಕಾರ್ಡುಗಳನ್ನು ತಂದುಕೊಟ್ಟರು. ಮುಂದೆ ಹೆಸರಾಂತ ಪಿಯಾನೊ ವಾದಕಿಯಾದ ತೊಶಿಕೊ ಅಕಿಯೊಶಿ, ಸ್ಯಾಕ್ಸೊಫೋನ್ ವಾದಕ ಸದಾವೊ ವತನಾಬೆ ಇಲ್ಲಿ ಕೂತು ಕೇಳಿ ಕೇಳಿ ಕಲಿತವರು. ಅವರ ಪಾಲಿಗೆ ಗುರುವಿನ ಮನೆಯೆಂದರೆ ಇದೇ.

ಇಂಥ ಅಂಗಡಿಗಳು ಹಬ್ಬಿದ್ದಕ್ಕೆ ಮುಖ್ಯ ಕಾರಣ ಕೊರತೆ. ಐವತ್ತರ ದಶಕದಲ್ಲಿ ಆಮದು ರೆಕಾರ್ಡನ್ನು ಕೊಳ್ಳುವುದು ಸಾಮಾನ್ಯ ನೌಕರನ ಕೈಗೆಟುಕುವ ಮಾತಾಗಿರಲಿಲ್ಲ. ಮನೆಗಳು ಚಿಕ್ಕವು, ಗೋಡೆಗಳು ತೆಳು. ಕಹಳೆಯ ದನಿ ಪಕ್ಕದ ಮನೆಯ ನಿದ್ದೆ ಕೆಡಿಸುತ್ತಿತ್ತು. ಒಂದು ಕಾಫಿಯ ದುಡ್ಡಿಗೆ ಗಂಟೆಗಟ್ಟಲೆ ಕೂತು, ಆಗತಾನೇ ಹಡಗಿನಿಂದಿಳಿದ ರೆಕಾರ್ಡನ್ನು ಶ್ರೇಷ್ಠ ಯಂತ್ರದಲ್ಲಿ ಕೇಳುವ ಅವಕಾಶ ವಿದ್ಯಾರ್ಥಿಗಳಿಗೆ ದೊಡ್ಡ ಭಾಗ್ಯವೇ ಆಗಿತ್ತು. 1961ರ ಆರಂಭದಲ್ಲಿ ಆರ್ಟ್ ಬ್ಲೇಕಿ ತಮ್ಮ ‘ಜಾಝ್ ಮೆಸೆಂಜರ್ಸ್’ ತಂಡದೊಂದಿಗೆ ಜಪಾನಿಗೆ ಬಂದ ಮೇಲೆ ಈ ಹುಚ್ಚು ಇಮ್ಮಡಿಸಿತು. ಶಿಂಜುಕುವಿನ ‘ಡಿಗ್’ ಶುರುವಾದದ್ದೂ ಅದೇ ವರ್ಷ.

ಅಂಗಡಿಯ ಯಜಮಾನನನ್ನು ‘ಮಾಸ್ಟರ್’ ಎನ್ನುತ್ತಾರೆ. ಯಾವುದನ್ನು, ಯಾವುದರ ನಂತರ, ಎಷ್ಟು ಗಟ್ಟಿಯಾಗಿ ನುಡಿಸಬೇಕೆಂಬುದು ಆತನ ತೀರ್ಮಾನ. ಸಾಮಾನ್ಯವಾಗಿ ರೆಕಾರ್ಡಿನ ಒಂದು ಮಗ್ಗುಲು ಪೂರ್ತಿ ಮುಗಿಯುವವರೆಗೆ ಮುಳ್ಳನ್ನು ಎತ್ತುವುದಿಲ್ಲ. ನುಡಿಯುತ್ತಿರುವ ರೆಕಾರ್ಡಿನ ಹೊದಿಕೆಯನ್ನು ಎಲ್ಲರಿಗೂ ಕಾಣುವಂತೆ ನಿಲ್ಲಿಸಿರುತ್ತಾರೆ. ಜೆಬಿಎಲ್, ಆಲ್ಟೆಕ್ ಧ್ವನಿವರ್ಧಕಗಳಿಗೂ ಮ್ಯಾಕಿಂಟಾಶ್ ಆಂಪ್ಲಿಫೈಯರ್‌ಗಳಿಗೂ ಇಲ್ಲಿ ವಿಶೇಷ ಮರ್ಯಾದೆ. ಇವಾತೆ ಪ್ರಾಂತದ ಇಚಿನೊಸೆಕಿಯಲ್ಲಿ 1970ರಲ್ಲಿ ಶೋಜಿ ಸುಗವಾರಾ ತೆರೆದ ‘ಬೇಸಿ’ ತನ್ನ ನಾದದಿಂದಲೇ ಪ್ರಸಿದ್ಧ. ಯಾರ ಹೆಸರನ್ನು ಅದು ಹೊತ್ತಿದೆಯೋ ಆ ಕೌಂಟ್ ಬೇಸಿಯೇ ಅಲ್ಲಿಗೆ ಭೇಟಿ ಕೊಟ್ಟಿದ್ದರು. ಹರುಕಿ ಮುರಕಾಮಿ ಕಾದಂಬರಿಕಾರರಾಗುವ ಮೊದಲು, 1974ರಲ್ಲಿ, ಪತ್ನಿಯೊಂದಿಗೆ ‘ಪೀಟರ್ ಕ್ಯಾಟ್’ ಎಂಬ ಜಾಝ್ ಅಂಗಡಿ ತೆರೆದು ಕೆಲವು ವರ್ಷ ನಡೆಸಿದರು.

1979ರಲ್ಲಿ ವಾಕ್‌ಮನ್, 1982ರಲ್ಲಿ ಸಿಡಿ ಬಂದವು. ಸಂಗೀತ ಮನೆಗೂ ಜೇಬಿಗೂ ಇಳಿಯಿತು; ಎಷ್ಟೋ ಅಂಗಡಿಗಳು ಬಾಗಿಲು ಹಾಕಿದವು. ಉಳಿದವುಗಳಲ್ಲಿ ಹಲವು ಮೌನದ ನಿಯಮ ಸಡಿಲಿಸಿ ವಿಸ್ಕಿ ಬಾರುಗಳಾದವು. ಲಂಡನ್ನಿನ ‘ಸ್ಪಿರಿಟ್‌ಲ್ಯಾಂಡ್’ನಂಥ ಕಡೆಗಳಲ್ಲಿ ಈ ಮಾದರಿ ಹೊಸದಾಗಿ ಬೇರೂರಿತು, ಬೆಂಗಳೂರಿಗೂ ಈಚೆಗೆ ಲಿಸನಿಂಗ್ ಬಾರ್ ಬಂದಿದೆ.

ಯೊಶಿದಾ 1994ರಲ್ಲಿ ತೀರಿಕೊಂಡರು. 2007ರಲ್ಲಿ ಚಿಗುಸಾ ಮುಚ್ಚಿತು. ಅದರ ರೆಕಾರ್ಡುಗಳನ್ನು ಜೋಪಾನವಾಗಿಟ್ಟಿದ್ದ ಅಭಿಮಾನಿಗಳು 2012ರಲ್ಲಿ ಅದೇ ನೊಗೆಯಲ್ಲಿ, ಹಳೆಯ ಜಾಗದಿಂದ ಸ್ವಲ್ಪ ಆಚೆಗೆ, ಅದನ್ನು ಮತ್ತೆ ತೆರೆದರು.